ಬಿಸಿಯಲ್ಲಿ ಮುನಿಯುವ ಮಹಾರಾಣಿ

೨ ಮಾರ್ಚ್ ೧೯೯೩

ನೆರೆದಿರುವ ಮಹಾಜನಗಳೇ! ಗೋಡೆಯ ಮೊಳೆಗಳಿಗೆ ಸಾಲಾಗಿ ಜೋತುಬಿದ್ದ ಸ್ಪ್ಯಾನರುಗಳೇ, ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತ ಜ್ಯಾಕುಗಳೇ, ಹುಟ್ಟಿದಂದಿನಿಂದ ಮುಖ ತೊಳೆಯದ ಎಣ್ಣೆ ಡಬ್ಬಿಗಳೇ, ಹೊಟ್ಟೆ ಬಿಚ್ಚಿಕೊಂಡು ಮಲಗಿರುವ ಗಾಡಿಗಳೇ! ಕೊನೆಗೆ, ಇವರೆಲ್ಲರ ನಡುವೆ ಮರದ ಸ್ಟೂಲಿನ ಮೇಲೆ ಹುಬ್ಬು ಗಂಟಿಕ್ಕಿ ಕೂತಿರುವ ನನ್ನ ಒಬ್ಬಳೇ ತಂಗಿಯೇ! ಗದ್ದಲ ಮಾಡದೆ ಕೇಳಿ. ಪರದೆ ಏಳುತ್ತಿದೆ.

ಸ್ಥಳ, ದೊಡ್ಡ ಹೋಟೆಲೊಂದರ ಹಿಂಬಾಗಿಲು. ಹೊತ್ತು, ಬೆಳಿಗ್ಗೆ ಹತ್ತೂವರೆ. ನಿನ್ನ ಅಣ್ಣ, ಒಂದಾನೊಂದು ಕಾಲದಲ್ಲಿ ನಾಟಕ ಕಂಪನಿಯ ಸೇನಾಪತಿ, ಈಗ ಲಾಂಡ್ರಿಯ ಬಟ್ಟೆ ಸಾಗಿಸುವ ಪಿಕಪ್ಪಿನ ಸಾರಥಿ, ಇಸ್ತ್ರಿಯಾದ ಹಾಸುಬಟ್ಟೆಗಳ ಗಂಟುಗಳನ್ನು ಇಳಿಸಿ, ಮಾಸಿದ ಗಂಟುಗಳನ್ನು ಏರಿಸಿ, ಸಿಂಹಾಸನ ಏರುವವನ ಗತ್ತಿನಲ್ಲಿ ಸೀಟಿಗೆ ಏರುತ್ತಾನೆ. ಕೀಲಿ ತಿರುಗಿಸುತ್ತಾನೆ. ಮಹಾರಾಣಿ (ಪಿಕಪ್ಪಿಗೆ ನಾನಿಟ್ಟ ಹೆಸರು ಅದು) ಏಳುವುದಿಲ್ಲ! ಗರ್ರ್... ಗರ್... ಗ... ಎಂದು ಪ್ರಾಣ ಬಿಡುವ ಮುದಿ ಮಂತ್ರಿಯಂತೆ ನರಳಿ ತಣ್ಣಗಾಗುತ್ತಾಳೆ.

ಮುಂಜಾನೆ ಮಂಜಿನಲ್ಲಿ ಒಂದೇ ತಿರುವಿಗೆ ಎದ್ದು ಕುಣಿಯುವವಳು ಇವಳೇ! ಆದರೆ ಅರ್ಧ ಗಂಟೆ ಓಡಿ, ಕಾಲು ಗಂಟೆ ನಿಂತಳೋ, ಮುಗಿಯಿತು. ಒಂದು ತಾಸು ಬಿಟ್ಟು ಕೇಳಿದರೆ ಏನೂ ಆಗಿಲ್ಲವೆಂಬಂತೆ ಏಳುತ್ತಾಳೆ. ನನಗೆ ದಿನಕ್ಕೆ ಒಂಬತ್ತು ಹೋಟೆಲು, ಮರಿ. ಒಂಬತ್ತು ಕಡೆಯೂ ಒಂದೊಂದು ತಾಸು ಮಹಾರಾಣಿಯ ಪಾದದ ಬಳಿ ಕೂತರೆ ಹಾಸುಬಟ್ಟೆ ತಲುಪುವ ಹೊತ್ತಿಗೆ ಅತಿಥಿಗಳು ನೆಲದ ಮೇಲೆ ಮಲಗಿ ಎದ್ದಿರುತ್ತಾರೆ.

ಗೇಟು ಕಾಯುವವನಿಗೆ ನಾನೇ ಪುಕ್ಕಟೆ ಮನರಂಜನೆ.

"ಏನ್ ನಾಟಕದವ್ರೇ, ರಾಣಿಯವರು ಇವತ್ತೂ ಮುನಿಸ್ಕೊಂಡ್ರಾ?"

"ಬಾಯಿ ಮುಚ್ಚಿ ಹಿಂದಿನಿಂದ ತಳ್ಳಯ್ಯ."

"ತಳ್ತೀನಿ. ಆದ್ರೆ ಇನ್ಮೇಲೆ ಇದನ್ನ ಪಿಕಪ್ ಅನ್ಬೇಡಿ, ತಳ್ಳುಗಾಡಿ ಅನ್ನಿ!"

ಫೋನ್ ಇರುವಾಗ ಓಲೆ ಯಾಕೆ ಎಂದು ಕೇಳುತ್ತೀಯ? ನಾಲ್ಕು ಸಲ ಮಾಡಿದೆ. ಮೂರು ಸಲ ಗಂಟೆ ಬಡಿದೂ ಬಡಿದೂ ಸತ್ತಿತು. ನಾಲ್ಕನೇ ಸಲ ನೀನು ಎತ್ತಿದೆ. "ಮರೀ, ನಾನು ಕಣೇ!" ಎಂದು ಕೊನೆಯ ಸಾಲಿನವರ ಟೋಪಿ ಹಾರುವಂತೆ ಕೂಗಿದೆ. ನೀನು "ಯಾರು? ಯಾರದು?" ಎಂದು ಕುಕ್ಕಿಬಿಟ್ಟೆ. ಅಣ್ಣನ ದನಿ ಗುರುತೇ ಇಲ್ಲದವಳ ಪಾತ್ರ ಬಹಳ ಚೆನ್ನಾಗಿ ಮಾಡಿದೆ. ಚಪ್ಪಾಳೆ!

ಸಿಟ್ಟು ನನ್ನ ಮೇಲಿರಲಿ, ಗಾಡಿಯ ಮೇಲೆ ಬೇಡ. ಅಪ್ಪನ ಕಿವಿ ನಿನಗೆ ಬಂತು, ಅಮ್ಮನ ಬಾಯಿ ನನಗೆ ಬಂತು. ಗಾಡಿ ಬೀದಿಯ ತಿರುವಿನಲ್ಲಿರುವಾಗಲೇ ಸದ್ದು ಕೇಳಿ ಅದರ ರೋಗ ಹೇಳುತ್ತಿದ್ದವಳು ನೀನು. ಅದಕ್ಕೇ ಗೇಟಿನವನ ಟೇಪ್ ರೆಕಾರ್ಡರಿನಲ್ಲಿ ಮಹಾರಾಣಿಯ ನರಳಾಟ ಹಿಡಿದು ಕ್ಯಾಸೆಟ್ಟನ್ನು ದಾರ ಕಟ್ಟಿ ಇದರ ಜೊತೆ ಕಳಿಸಿದ್ದೇನೆ. ಕೇಳು, ಅಪ್ಪಣೆ ಕೊಡಿಸು.

ನಿನ್ನ ಅಣ್ಣ


೬ ಮಾರ್ಚ್ ೧೯೯೩

ಅಣ್ಣನಿಗೆ,

ಕಾಗದ ಬಂತು. ಎರಡು ಹಾಳೆಯಲ್ಲಿ ಗಾಡಿಯ ವಿಷಯ ನಾಲ್ಕು ಸಾಲು. ಅಷ್ಟರಲ್ಲಿ ಏನೂ ಹೇಳಲಾಗದು.

ಮತ್ತೆ ಕೈ ಕೊಟ್ಟಾಗ ಹೀಗೆ ಮಾಡು. ಹೆಡ್‌ಲೈಟು ಹಾಕಿ ಗೋಡೆಗೆ ಬೀಳುವಂತೆ ಬಿಟ್ಟು ಕೀಲಿ ತಿರುಗಿಸು. ಆಗ ಬೆಳಕು ಮಂಕಾಗುತ್ತದೋ ಹಾಗೇ ಇರುತ್ತದೋ ನೋಡು. ಇದು ಮುಖ್ಯ. ಆಮೇಲೆ ಇಳಿದು ಬ್ಯಾಟರಿಯ ಎರಡು ವೈರುಗಳನ್ನೂ ಅವು ಹೋಗಿ ಸೇರುವ ಕಡೆಯವರೆಗೆ ಬೆರಳಿನಿಂದ ಮುಟ್ಟುತ್ತಾ ಹೋಗು. ಎಲ್ಲಿ ಬಿಸಿ ಇದೆ, ಬೆರಳಿಟ್ಟು ಎಷ್ಟರವರೆಗೆ ಎಣಿಸಬಹುದು, ಬರೆ. ಬ್ಯಾಟರಿ ಎಷ್ಟು ಹಳೆಯದು? ಇತ್ತೀಚೆಗೆ ಯಾರಾದರೂ ಎಂಜಿನ್ನಿನ ಹತ್ತಿರ ಏನನ್ನಾದರೂ ಬಿಚ್ಚಿದ್ದಾರಾ, ಕಟ್ಟಿದ್ದಾರಾ, ಬದಲಾಯಿಸಿದ್ದಾರಾ? ಸಣ್ಣದಾದರೂ ಬರೆ. ಗಾಡಿಗೆ ತಾನಾಗಿ ಕಾಯಿಲೆ ಬರುವುದು ಕಮ್ಮಿ, ಮನುಷ್ಯರು ತರುವುದೇ ಹೆಚ್ಚು.

ಬೇಗ ಬರೆ. ಈ ತಿಂಗಳ ಕೊನೆಗೆ ಗ್ಯಾರೇಜು ಮುಚ್ಚುತ್ತಿದ್ದೇನೆ. ಪಕ್ಕದ ಟೈರು ವ್ಯಾಪಾರಿ ತಗೊಂಡು ಗೋದಾಮು ಮಾಡುತ್ತಾನೆ. ನಿನ್ನದೇ ಕೊನೆಯ ಗಾಡಿ ಆಗಬಹುದು.

ತಂಗಿ


೧೦ ಮಾರ್ಚ್ ೧೯೯೩

ಅಯ್ಯೋ ಮಹಾಜನಗಳೇ, ಕೇಳಿದಿರಾ! ಮುಚ್ಚುತ್ತಾಳಂತೆ! ಅಂಗಡಿ ಬೀದಿಯಲ್ಲಿ ತರಕಾರಿಯವನು ಬುಟ್ಟಿ ಮುಚ್ಚಿದ ಹಾಗೆ, ಒಂದೇ ಸಾಲಿನಲ್ಲಿ, ಅದೂ ಬ್ಯಾಟರಿಯ ವಯಸ್ಸು ಕೇಳಿದ ಮೇಲೆ!

ಗೊತ್ತು ಮರಿ, ಇದು ನನಗೆ ಕೊಟ್ಟ ಶಿಕ್ಷೆ. ಹದಿನೆಂಟು ವರ್ಷದ ಹಿಂದೆ ನಾನು ಟ್ರಂಕು ಹೊತ್ತು ಕಂಪನಿ ಸೇರಿದೆ. ಅಪ್ಪನ ಜೊತೆ ಗ್ರೀಸಿನಲ್ಲಿ ಮುಳುಗಿದವಳು ನೀನು. "ಗಂಡು ಹುಡುಗ ಓಡಿಹೋದ, ಹೆಣ್ಣುಮಗಳು ಗಾಡಿ ಕೆಳಗೆ ತೂರ್ತಾಳೆ" ಎಂದು ಬೀದಿಯವರು ಆಡಿಕೊಂಡಾಗ ನಾನು ಯಾವುದೋ ಊರಿನಲ್ಲಿ ಹತ್ತಿಯ ಮೀಸೆ ಅಂಟಿಸಿಕೊಂಡು ರಾಜ್ಯ ಗೆಲ್ಲುತ್ತಿದ್ದೆ. ಈಗ ಕಂಪನಿ ಮುರಿದು ನಾಲ್ಕು ವರ್ಷ. ನಾನು ತಿರುಗಿ ನೋಡುವ ಹೊತ್ತಿಗೆ ನೀನು ಬಾಗಿಲು ಹಾಕುತ್ತಿದ್ದೀಯ. ಹಾಕಮ್ಮ, ಹಾಕು. ಆದರೆ ಫೋನಿನಲ್ಲಿ ಒಂದು ಮಾತು ಬೈದಾದರೂ ಹಾಕಬಾರದೇ?

ಇರಲಿ. ನಿನ್ನ ಪ್ರಶ್ನೆಗಳಿಗೆ ಬಂದೆ.

ದೀಪ! ಆಹಾ, ಆ ದೀಪ! ಕೀಲಿ ತಿರುಗಿಸಿದ್ದೇ ತಡ, ನಾಯಕಿಯ ಮರಣದ ದೃಶ್ಯದಲ್ಲಿ ವೇದಿಕೆಯ ಬೆಳಕು ಇಳಿಯುವುದಿಲ್ಲವೇ, ಹಾಗೆ ಮೆಲ್ಲಮೆಲ್ಲನೆ ಕಂದುತ್ತಾ ಕೆಂಪಾಗಿ ಕಣ್ಣು ಮುಚ್ಚಿತು. ವೈರುಗಳೋ, ಕೆಂಡ! ಮುಟ್ಟಿದ ಕೈ ಸುಟ್ಟು ಸುಣ್ಣವಾಯಿತು. ಬ್ಯಾಟರಿಗೆ ಐದು ತಿಂಗಳು, ಎಳೇ ಕೂಸು. ಇನ್ನು ಮುಟ್ಟಿದವರು ಯಾರು ಎಂದರೆ, ಯಾರೂ ಇಲ್ಲ. ಅವಳ ಎಂಜಿನ್ನಿನ ಮೇಲೆ ಕೂತ ನೊಣವನ್ನು ಕೂಡ ನಾನು ಓಡಿಸಿಲ್ಲ. ಪ್ರಮಾಣ!

ಕ್ಯಾಸೆಟ್ಟು ಕೇಳಿದೆಯಾ? ಅದರ ಬಗ್ಗೆ ಚಕಾರವಿಲ್ಲವಲ್ಲ.

ಅಣ್ಣ


೧೪ ಮಾರ್ಚ್ ೧೯೯೩

ಅಣ್ಣನಿಗೆ,

ಶಿಕ್ಷೆ ಗಿಕ್ಷೆ ಏನೂ ಇಲ್ಲ. ನೀನು ಹೋದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಎಲ್ಲದರ ನಡುವೆ ನೀನೇ ನಿಂತಿರುತ್ತೀಯ ಎಂದುಕೊಳ್ಳಬೇಡ.

ಬೆಳಕು ಅಷ್ಟು ಮಂಕಾಗುತ್ತದೆ ಅಂದರೆ ಕರೆಂಟನ್ನೆಲ್ಲ ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಸೆಲ್ಫ್ ಮೋಟಾರು ಒಂದೇ ಗುಟುಕಿಗೆ ನುಂಗುತ್ತಿದೆ. ಬ್ಯಾಟರಿ ಹೊಸದು, ವೈರು ಬಿಸಿ, ಯಾರೂ ಏನೂ ಮುಟ್ಟಿಲ್ಲ. ಹಾಗಿದ್ದ ಮೇಲೆ ಉಳಿಯುವುದು ಸೆಲ್ಫ್ ಮೋಟಾರೇ. ಅದು ಹೊಗೆ ಪೈಪಿನ ಪಕ್ಕದಲ್ಲೇ ಕೂತು ಬೇಯುತ್ತದೆ. ಒಳಗಿನ ಸುರುಳಿ ಹಳೆಯದಾದರೆ ತಣ್ಣಗಿದ್ದಾಗ ತಿರುಗುತ್ತದೆ, ಕಾದಾಗ ಸೋಲುತ್ತದೆ. ನನ್ನ ಹತ್ತಿರ ರಿಪೇರಿ ಮಾಡಿಟ್ಟ ಒಂದು ಮೋಟಾರಿದೆ. ಬಸ್ಸಿನಲ್ಲಿ ಹಾಕಿಸಿದ್ದೇನೆ, ಇಳಿಸಿಕೋ. ಎರಡೇ ಬೋಲ್ಟು. ಬಿಚ್ಚುವ ಮೊದಲು ಬ್ಯಾಟರಿ ವೈರು ತೆಗೆ, ಇಲ್ಲದಿದ್ದರೆ ನಿಜವಾಗಿಯೂ ಸುಟ್ಟುಕೊಳ್ಳುತ್ತೀಯ.

ಇದನ್ನು ಮೂರು ದಿನ ಯೋಚನೆ ಮಾಡಿ ಬರೆದಿದ್ದೇನೆ. ತಪ್ಪಿರಲಾರದು. ಹಾಕಿದ ಮೇಲೆ ಏನಾಯಿತು ಅಂತ ತಪ್ಪದೆ ಬರೆ. ನನಗೆ ಅದು ಗೊತ್ತಾಗಬೇಕು.

ತಂಗಿ


೧೮ ಮಾರ್ಚ್ ೧೯೯೩

ಮಹಾಜನಗಳೇ, ನಗಬೇಡಿ. ಅಥವಾ ನಗಿ, ನಾನೇ ನಕ್ಕಿದ್ದೇನೆ!

ಮೋಟಾರು ಬಂತು. ಗೇಟಿನವನು ಸ್ಪ್ಯಾನರು ಹಿಡಿದ, ನಾನು ಗಾಡಿಯ ಕೆಳಗೆ ಅಂಗಾತ ಮಲಗಿ ಯುದ್ಧಕ್ಕಿಳಿದೆ. ಎರಡು ಬೋಲ್ಟಿಗೆ ಎರಡು ತಾಸು. ಮೂಗಿನ ಮೇಲೆ ಎಣ್ಣೆ, ಬಾಯೊಳಗೆ ಧೂಳು. ಹೊಸ ಮೋಟಾರು ಕೂತಿತು. ಅರ್ಧ ಗಂಟೆ ಊರು ಸುತ್ತಿಸಿ ಅದೇ ಹಿಂಬಾಗಿಲಿನಲ್ಲಿ ನಿಲ್ಲಿಸಿದೆ. ಕಾಲು ಗಂಟೆ ಕಾದೆ. ಅಡುಗೆಮನೆಯ ಇಬ್ಬರು, ಬಟ್ಟೆ ಎಣಿಸುವ ಅಮ್ಮ, ಗೇಟಿನವನು, ಎಲ್ಲರೂ ಸುತ್ತ ನಿಂತರು. ಕೀಲಿ ತಿರುಗಿಸಿದೆ.

ಗರ್ರ್... ಗರ್... ಗ.

"ಮೋಟಾರ್ ಬದ್ಲಾಯ್ತು, ರಾಗ ಬದಲಾಗ್ಲಿಲ್ಲ" ಎಂದ ಗೇಟಿನವನು. "ನಿಮ್ ತಂಗಿ ದೊಡ್ಡ ಮೇಸ್ತ್ರಿ ಅಂತಿದ್ರಿ?"

"ದೊಡ್ಡ ಮೇಸ್ತ್ರೀನೇ. ಗುರಿ ತಪ್ಪಿದ್ದು ಇದೇ ಮೊದಲು."

ಅಪ್ಪ ಇದ್ದಿದ್ದರೆ ಒಂದು ಸಲ ಕಿವಿಗೊಟ್ಟು "ಇಂಥದ್ದು" ಅಂದುಬಿಡುತ್ತಿದ್ದರು, ಅಲ್ಲವೇ? ಏನು ಮೇಸ್ತ್ರಮ್ಮ, ಕಿವಿಗೆ ತುಕ್ಕು ಹಿಡಿಯಿತೋ? ಆ ಕ್ಯಾಸೆಟ್ಟು ಒಂದು ಸಲ ಹಾಕಿ ಕೇಳಬಾರದೇ! ಮುಂದಿನ ಬಾಣ ಬಿಡು. ಸಭೆ ಕಾದಿದೆ.

ಅಣ್ಣ


೨೧ ಮಾರ್ಚ್ ೧೯೯೩

ಅಣ್ಣನಿಗೆ,

ತಪ್ಪಾಯಿತು. ಇನ್ನು ನನ್ನನ್ನು ಕೇಳಬೇಡ, ಅಲ್ಲೇ ಯಾರಿಗಾದರೂ ತೋರಿಸು.

ಹೋದ ತಿಂಗಳು ಒಬ್ಬ ಟ್ಯಾಕ್ಸಿಯವನ ಗಾಡಿ ಎಲ್ಲ ಸರಿಯಿದೆ ಎಂದು ಕಳಿಸಿದೆ. ಚಕ್ರದ ಬೇರಿಂಗು ಹೋಗಿತ್ತು. ಬೀದಿಗೆಲ್ಲ ಗೊತ್ತಾಗುವಷ್ಟು ಊಳಿಡುತ್ತಿತ್ತಂತೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವಾಗ ಚಕ್ರ ಜಾಮ್ ಆಗಿ ಗಾಡಿ ಅಡ್ಡ ತಿರುಗಿತು. ಯಾರಿಗೂ ಏನೂ ಆಗಲಿಲ್ಲ. ಅವನು ಬಂದು ಬೈಯಲಿಲ್ಲ, ಮುರಿದ ಬೇರಿಂಗನ್ನು ನನ್ನ ಮುಂದೆ ಇಟ್ಟು ಹೋದ. ಅವತ್ತೇ ಮುಚ್ಚುವುದೆಂದು ಅಂದುಕೊಂಡೆ. ಆಮೇಲೆ ನಿನ್ನ ಕಾಗದ ಬಂತು. ಇದೊಂದನ್ನು ಸರಿ ಮಾಡಿದರೆ ಇನ್ನೂ ಕೈಯಲ್ಲಿ ಕೆಲಸ ಇದೆ ಅಂತ ಅರ್ಥ, ಎಂದು ಮನಸ್ಸಿನಲ್ಲೇ ಪಂದ್ಯ ಕಟ್ಟಿಕೊಂಡಿದ್ದೆ. ಸೋತೆ.

ಟೈರಿನವನು ಮೂವತ್ತಕ್ಕೆ ಬರುತ್ತಾನೆ. ಅಪ್ಪನ ಸಾಮಾನಿನಲ್ಲಿ ನಿನಗೆ ಏನು ಬೇಕು ತಿಳಿಸು. ಕ್ಯಾಸೆಟ್ಟು ವಾಪಸು ಕಳಿಸಿದ್ದೇನೆ. ಆರೋಗ್ಯ ನೋಡಿಕೋ.

ತಂಗಿ


೨೩ ಮಾರ್ಚ್ ೧೯೯೩

ಮರಿ,

ಇವತ್ತು ಸಭೆ ಇಲ್ಲ. ನಾನು ನಿನಗೆ ಸುಳ್ಳು ಹೇಳಿದ್ದೇನೆ.

ಎಂಜಿನ್ನಿನ ಹತ್ತಿರ ಯಾರೂ ಏನೂ ಮುಟ್ಟಿಲ್ಲ ಎಂದೆ. ನಾನೇ ಮುಟ್ಟಿದ್ದೆ. ಕಂಪನಿಯಲ್ಲಿ ಪರದೆ ಬರೆಯುತ್ತಿದ್ದ ಮುದುಕ ಹೊಸ ವರ್ಷಕ್ಕೆ ನನ್ನನ್ನು ನೋಡಲು ಬಂದಿದ್ದ. ಸಿಂಹಾಸನಗಳಿಗೆ ಬಳಿಯುತ್ತಿದ್ದ ಕೆಂಪು ಬಣ್ಣದ ಎರಡು ಡಬ್ಬಿ ತಂದು "ನನ್ನ ಕೈ ನಡುಗುತ್ತೆ, ನೀನಾದ್ರೂ ಏನಾದ್ರೂ ಚೆಂದ ಮಾಡು" ಎಂದು ಕೊಟ್ಟ. ಇಬ್ಬರೂ ಸೇರಿ ಒಂದು ಭಾನುವಾರ ಮಹಾರಾಣಿಗೆ ಬಳಿದೆವು. ಹೊರಗೆ ಮಾತ್ರವಲ್ಲ, ಬಾನೆಟ್ ಎತ್ತಿ ಒಳಗೂ. ಎಂಜಿನ್ನಿನ ಮೈಗೂ, ಗಾಡಿಯ ಕೆಳಚೌಕಟ್ಟಾದ ಚಾಸಿಗೂ. ಅಂಚು ನೀಟಾಗಿ ಬರಲಿ ಎಂದು ನಡುವೆ ಅಡ್ಡ ಬಂದ ಒಂದು ಜಡೆಯಂಥ ವೈರನ್ನು ಬಿಚ್ಚಿ, ಅದರ ಅಡಿಗೂ ಎರಡು ಸಲ ಬಳಿದು, ಒಣಗಿದ ಮೇಲೆ ಮತ್ತೆ ಬಿಗಿದೆ. ಮಹಾರಾಣಿ ಮುನಿಯತೊಡಗಿದ್ದು ಅದಾದ ಎರಡು ಮೂರು ವಾರಕ್ಕೆ. ಬಣ್ಣಕ್ಕೂ ಸ್ಟಾರ್ಟಿಂಗಿಗೂ ಏನು ಸಂಬಂಧ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಸಂಬಂಧ ಇರಬಹುದು ಎಂದು ಹೆದರಿಯೇ ಬರೆಯಲಿಲ್ಲ.

ಯಾಕೆ ಎಂದು ನಿನಗೆ ಗೊತ್ತು. ಅಪ್ಪನ ದೊಡ್ಡ ಸುತ್ತಿಗೆಗೆ ಚಿನ್ನದ ಬಣ್ಣ ಬಳಿದು ನಾಟಕಕ್ಕೆ ಗದೆ ಮಾಡಿಕೊಂಡು ಹೋದದ್ದು. ಅವರು ಬೀದಿಯಲ್ಲಿ ನಿಲ್ಲಿಸಿ ಹೇಳಿದ್ದು, "ಕೆಲಸದ ಸಾಮಾನಿಗೆ ಬಣ್ಣ ಹಚ್ಚೋನು ಕೆಲಸಕ್ಕೆ ಬರಲ್ಲ." ಆ ವಾರವೇ ಅಲ್ಲವೇ ನಾನು ಟ್ರಂಕು ಕಟ್ಟಿದ್ದು. ನಲವತ್ತೊಂದು ವರ್ಷದ ಗಂಡಸು ಮತ್ತೆ ಬಣ್ಣ ಬಳಿದು ಕೆಡಿಸಿದೆ ಎಂದು ತಂಗಿಗೆ ಬರೆಯಲು ನಾಚಿಕೆಯಾಯಿತು.

ಇನ್ನೊಂದು. ದೀಪ ಮಂಕಾಗಲಿಲ್ಲ. ನಾನು ದೀಪ ಹಾಕಿಯೇ ಇರಲಿಲ್ಲ. ದೃಶ್ಯಕ್ಕೆ ಚೆನ್ನಾಗಿರುತ್ತದೆ ಎಂದು ಬರೆದೆ. ವೈರು ಕೆಂಡವಾಗಿತ್ತು ಎಂದದ್ದೂ ಹಾಗೇ. ನಿನ್ನೆ ನೀನು ಹೇಳಿದಂತೆಯೇ ನೋಡಿದೆ. ಗೋಡೆಯ ಮೇಲಿನ ಬೆಳಕು ಸ್ವಲ್ಪವೂ ಅಲುಗಲಿಲ್ಲ, ಎಂಜಿನ್ ಮಾತ್ರ ನರಳಿತು. ಬ್ಯಾಟರಿಯ ತುದಿಗಳು ಬೆಚ್ಚಗೂ ಇಲ್ಲ. ಆ ಜಡೆ ವೈರಿನ ಬೋಲ್ಟಿನ ಮೇಲೆ ಬೆರಳಿಟ್ಟೆ. ಮೂರು ಎಣಿಸುವಷ್ಟರಲ್ಲಿ ತೆಗೆದೆ.

ನೀನು ಗುರಿ ತಪ್ಪಲಿಲ್ಲ. ನಾನು ಗುರಿಯನ್ನೇ ಬೇರೆ ಕಡೆ ಇಟ್ಟಿದ್ದೆ.

ಇನ್ನು ಕೇಳಬೇಕಾದದ್ದು. ನೀನು ಕಳಿಸಿದ ಕ್ಯಾಸೆಟ್ಟನ್ನು ಗೇಟಿನವನಿಗೆ ಹಿಂತಿರುಗಿಸಿದೆ. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಅವತ್ತು ನೀವು ಕಟ್ಟಿದ ದಾರ ಹಾಗೇ ಇದೆಯಲ್ರೀ. ಬಿಚ್ಚೇ ಇಲ್ಲ."

"ಸಿಟ್ಟು ಅವಳಿಗೆ."

"ಸಿಟ್ಟಿದ್ರೆ ಮೋಟಾರ್ ಯಾಕ್ ಕಳಿಸ್ತಿದ್ರು? ಸಿಟ್ಟಿರೋರು ಮೊದ್ಲು ಸಾಮಾನು ಕೊಡೋದು ನಿಲ್ಲಿಸ್ತಾರೆ. ಅಲ್ಲ, ನಂಗೊಂದ್ ಅರ್ಥ ಆಗಲ್ಲ. ನಮ್ ಬೀದಿ ಮೆಕ್ಯಾನಿಕ್ಕು ಮೊದ್ಲು ಕೇಳೋದೇ 'ಹೆಂಗ್ ಸೌಂಡ್ ಬರ್ತಿದೆ' ಅಂತ. ನಿಮ್ ತಂಗಿ ಒಂದ್ ಕಾಗದದಲ್ಲೂ ಕೇಳಿಲ್ವಲ್ಲ?"

ಬಟ್ಟೆ ಗಂಟಿನ ಮೇಲೆ ಕೂತು ನಿನ್ನ ಕಾಗದಗಳನ್ನೆಲ್ಲ ಮತ್ತೆ ಓದಿದೆ. ಕಣ್ಣಿನಿಂದ ನೋಡು, ಬೆರಳಿನಿಂದ ಮುಟ್ಟು, ಎಣಿಸು. ಅಷ್ಟೇ. ಫೋನಿನಲ್ಲಿ ನಾನು ಕೂಗುತ್ತಿದ್ದರೂ ನೀನು "ಯಾರು, ಯಾರು" ಎಂದದ್ದು ನೆನಪಾಯಿತು. ಟ್ಯಾಕ್ಸಿಯ ಬೇರಿಂಗೂ ನೆನಪಾಯಿತು.

ಮರಿ, ನಿನಗೆ ಕಿವಿ ಕೇಳಿಸುತ್ತಿಲ್ಲವೇ?

ತುಕ್ಕಿನ ಮಾತು ಬರೆದ ಕೈಯನ್ನು ಏನು ಮಾಡಲಿ ಎಂದು ತಿಳಿಯುತ್ತಿಲ್ಲ. ಆ ಬೋಲ್ಟನ್ನು ನಾನಿನ್ನೂ ಬಿಚ್ಚಿಲ್ಲ. ನೀನು ಹೇಳದೆ ಬಿಚ್ಚುವುದಿಲ್ಲ. ಇದನ್ನು ಬಸ್ಸಿನವನ ಕೈಯಲ್ಲೇ ಕಳಿಸುತ್ತಿದ್ದೇನೆ, ನಾಳೆ ಸಿಗುತ್ತದೆ.

ಅಣ್ಣ


೨೫ ಮಾರ್ಚ್ ೧೯೯೩

ಅಣ್ಣ,

ಮೊದಲು ನಿನ್ನನ್ನು ಬೈಯಬೇಕು. ಮೋಟಾರು ಹಾಕಿಯೂ ಏಳಲಿಲ್ಲ ಎಂದು ನೀನು ಬರೆದದ್ದು ಓದಿದ ದಿನ ನಾನು ಊಟ ಮಾಡಲಿಲ್ಲ. ಕಿವಿ ಹೋದ ಮೇಲೆ ತಲೆ, ಕೈ ಇವೆ ಎಂದುಕೊಂಡಿದ್ದೆ. ಅವೂ ಹೋದವು ಎಂದುಕೊಂಡೆ. ನಿನಗೆ ಅದು ಒಂದು ದೃಶ್ಯ. ದೀಪ ಮಂಕಾಯಿತಂತೆ, ನಾಯಕಿ ಸತ್ತಳಂತೆ! ಸುತ್ತಿಗೆ ಇಲ್ಲೇ ಇದೆ, ಎದುರಿಗೆ ಸಿಕ್ಕಿದ್ದರೆ ಅದರಲ್ಲೇ ಕುಟ್ಟುತ್ತಿದ್ದೆ.

ಹೌದು. ಕೇಳಿಸುವುದಿಲ್ಲ. ಬಲಗಿವಿ ಹೋಗಿ ಎರಡು ವರ್ಷ. ಎಡದ್ದರಲ್ಲಿ ಯಾರೋ ಪಕ್ಕದ ಮನೆಯಲ್ಲಿ ಮಾತಾಡಿದಷ್ಟು, ಅದೂ ದಿನ ಬಿಟ್ಟು ದಿನ. ಡಾಕ್ಟರು ಕಬ್ಬಿಣ ಬಡಿದು ಬಡಿದು ಹೀಗಾಗಿದೆ ಎಂದರು. ಯಾರಿಗೂ ಹೇಳಿಲ್ಲ. ಗಿರಾಕಿಗಳಿಗೆ "ತಕರಾರು ಚೀಟಿಯಲ್ಲಿ ಬರೆದು ಹೋಗಿ, ಮರೆತುಬಿಡ್ತೀನಿ" ಅನ್ನುತ್ತೇನೆ. ತುಟಿ ನೋಡಿ ಅರ್ಧ ತಿಳಿದುಕೊಳ್ಳುತ್ತೇನೆ. ಮೀಸೆ ದಪ್ಪಗಿರುವವರು ಬಂದರೆ ಕಷ್ಟ. ಅವತ್ತು ಫೋನು ಹೊಡೆಯುತ್ತಿದೆ ಎಂದು ಯಾರೋ ಬೆರಳು ತೋರಿಸಿದರು, ಎತ್ತಿದೆ. ಯಾರೆಂದು ತಿಳಿಯಲಿಲ್ಲ, ಇಟ್ಟೆ. ನೀನು ಎಂದು ನಿನ್ನ ಕಾಗದದಿಂದ ತಿಳಿಯಿತು. ಬರೆಯಬಹುದಿತ್ತು. ಊರೆಲ್ಲ ನನ್ನ ಕಿವಿಯನ್ನು ನಂಬಿ ಬರುತ್ತಿತ್ತು ಅಣ್ಣ, ನೀನೂ ಮೊದಲ ಕಾಗದದಲ್ಲೇ ಅದನ್ನೇ ಹೊಗಳಿದೆ. ಹೇಗೆ ಬರೆಯಲಿ?

ಇರಲಿ, ಗಾಡಿಗೆ ಬರುತ್ತೇನೆ. ಬೆಳಕು ಅಲುಗದಿದ್ದರೆ ಬ್ಯಾಟರಿ ಸರಿ, ಹಳೆಯ ಮೋಟಾರೂ ಸರಿಯಿತ್ತು. ಕರೆಂಟಿಗೆ ಹೋಗುವ ದಾರಿ ಇದ್ದರೆ ಸಾಲದು, ಎಂಜಿನ್ನಿನಿಂದ ಬ್ಯಾಟರಿಗೆ ವಾಪಸು ಬರುವ ದಾರಿಯೂ ಬೇಕು. ಆ ಜಡೆ ವೈರೇ ಅದು, ಅರ್ಥ್ ವೈರು ಅನ್ನುತ್ತೇವೆ. ಕಬ್ಬಿಣಕ್ಕೆ ಕಬ್ಬಿಣ ಮುಟ್ಟಬೇಕಾದ ಕಡೆ ನೀನು ಸಿಂಹಾಸನದ ಬಣ್ಣ ಇಟ್ಟಿದ್ದೀಯ. ತಣ್ಣಗಿದ್ದಾಗ ಕರೆಂಟು ಬೋಲ್ಟಿನ ಎಳೆಗಳಲ್ಲಿ ಹೇಗೋ ನುಸುಳಿ ಬರುತ್ತದೆ. ಕಾದಾಗ ಬಣ್ಣ ಮೆತ್ತಗಾಗಿ ಹಿಡಿತ ಸಡಿಲ, ಮೋಟಾರಿಗೂ ಸುಸ್ತು. ಅದಕ್ಕೇ ಮೂರು ಎಣಿಸುವಷ್ಟರಲ್ಲಿ ಬೆರಳು ಸುಟ್ಟದ್ದು.

ಬ್ಯಾಟರಿ ವೈರು ತೆಗೆದು ಆ ಬೋಲ್ಟು ಬಿಚ್ಚು. ಅಡಿಯ ಬಣ್ಣವನ್ನು ಉಪ್ಪುಕಾಗದದಲ್ಲಿ ಬಿಳೀ ಕಬ್ಬಿಣ ಕಾಣುವವರೆಗೆ ಉಜ್ಜು. ಎಂಜಿನ್ ಕಡೆ, ಚಾಸಿ ಕಡೆ, ಎರಡೂ. ವೈರಿನ ತುದಿಯನ್ನೂ ಉಜ್ಜು. ಚೆನ್ನಾಗಿ ಬಿಗಿದು ಆಮೇಲೆ ಮೇಲಿಂದ ಗ್ರೀಸು ಸವರು. ಗ್ರೀಸು ಮೇಲೆ, ಅಡಿಯಲ್ಲಲ್ಲ.

ಆಮೇಲೆ ಒಂಬತ್ತು ಹೋಟೆಲಿನಲ್ಲೂ ಆರಿಸಿ, ಕಾಲು ಗಂಟೆ ಬಿಟ್ಟು, ಹಚ್ಚಿ ನೋಡು. ಟೈರಿನವನಿಗೆ ಮೂವತ್ತಕ್ಕೆ ಮಾತು ಕೊಡಬೇಕು. ಗಾಡಿ ಎದ್ದರೆ ಇಲ್ಲ ಅನ್ನುತ್ತೇನೆ. ಏಳದಿದ್ದರೆ ಕೀಲಿ ಕೊಡುತ್ತೇನೆ. ಇದು ಹುಡುಗಾಟ ಎಂದುಕೊಂಡರೂ ಸರಿ, ನನಗೆ ಬೇರೆ ಯಾವ ಪರೀಕ್ಷೆಯೂ ಗೊತ್ತಿಲ್ಲ.

ಒಂದೇ ಒಂದು ಬೇಡಿಕೆ. ಆದದ್ದನ್ನು ಬರೆ. ದೃಶ್ಯಕ್ಕೆ ಬೇಕಾದದ್ದನ್ನು ಬರೆಯಬೇಡ.

ತಂಗಿ


೨೮ ಮಾರ್ಚ್ ೧೯೯೩

ಮರಿ,

ಆದದ್ದನ್ನು ಬರೆಯುತ್ತೇನೆ.

ನಿನ್ನೆ ಬೆಳಿಗ್ಗೆ ಬಿಚ್ಚಿದೆ. ವಾಷರಿನ ಅಡಿಯಲ್ಲಿ ಬಣ್ಣ ಜೇನುಮೇಣದ ಹಾಗೆ ಮೆತ್ತಗಾಗಿ, ನಡುವೆ ಕಪ್ಪಗೆ ಸುಟ್ಟಿತ್ತು. ಎಂಜಿನ್ ಕಡೆ ಮುಕ್ಕಾಲು ಗಂಟೆ, ಚಾಸಿ ಕಡೆ ಅರ್ಧ ಗಂಟೆ ಉಜ್ಜಿದೆ. ಬಿಳೀ ಕಬ್ಬಿಣ ಕಂಡಿತು. ಗೇಟಿನವನು "ಇಷ್ಟು ಸಣ್ಣ ಜಾಗಕ್ಕೇನ್ರೀ ಎರಡು ತಿಂಗಳು ತಳ್ಳಿಸಿದ್ದು?" ಎಂದ. "ಹೌದಯ್ಯ" ಎಂದೆ. ನಾನು ಬರೀ ಹೌದು ಎಂದದ್ದು ನೋಡಿ ಅವನು ಗಾಬರಿಯಾಗಿ ಕುಡಿಯಲು ನೀರು ತಂದುಕೊಟ್ಟ.

ಇವತ್ತು ಒಂಬತ್ತು ಕಡೆಯೂ ನಿಲ್ಲಿಸಿ ಆರಿಸಿದೆ. ಗೋಡೆ ಗಡಿಯಾರ ನೋಡಿಯೇ ಹದಿನೈದು ನಿಮಿಷ ಬಿಟ್ಟೆ. ಎಂಟು ಕಡೆ ಮುಂಜಾನೆಯ ಹಾಗೆಯೇ ಒಂದೇ ತಿರುವಿಗೆ ಎದ್ದಳು. ಆರನೆಯ ಹೋಟೆಲಿನಲ್ಲಿ ಮೊದಲ ತಿರುವಿಗೆ ಏಳಲಿಲ್ಲ, ಎರಡನೆಯದಕ್ಕೆ ಎದ್ದಳು. ಯಾಕೆಂದು ನನಗೆ ಗೊತ್ತಿಲ್ಲ. ಅಲ್ಲಿ ಇಳಿದು ಬೋಲ್ಟಿನ ಮೇಲೆ ಬೆರಳಿಟ್ಟೆ. ಮೂವತ್ತರವರೆಗೆ ಎಣಿಸಿ ನಾನೇ ತೆಗೆದೆ.

ಒಂ-ಬ-ತ್ತೂ ಎಂದು ಬರೆಯಲು ಕೈ ಎಷ್ಟು ತುರಿಸಿತು ಎಂದರೆ, ಪೆನ್ನು ಕೆಳಗಿಟ್ಟು ಹೊರಗೆ ಒಂದು ಸುತ್ತು ನಡೆದು ಬಂದೆ. ಒಂಬತ್ತು ಎಂದರೆ ಟೈರಿನವನು ಖಾಲಿ ಕೈಯಲ್ಲಿ ಹೋಗುತ್ತಾನೆ, ಅಣ್ಣ ಗೆಲ್ಲುತ್ತಾನೆ, ಪರದೆ ಬೀಳುತ್ತದೆ. ಆದರೆ ನೀನು ಕೇಳಿದ್ದು ಅದನ್ನಲ್ಲ. ಎಂಟು, ಮತ್ತು ಆರನೆಯದಕ್ಕೆ ಎರಡು ತಿರುವು. ಇದು "ಎದ್ದಿತು" ಎನ್ನುವ ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ಹೇಳಬೇಕಾದವಳು ನೀನು.

ನಾನು ಹೇಳಬಹುದಾದದ್ದು ಇಷ್ಟೇ. ಸದ್ದು ಕೇಳುವ ಮೇಸ್ತ್ರಿಗಳು ಈ ಊರಲ್ಲಿ ನಾಲ್ಕು ಜನ ಇದ್ದಾರೆ. ಇಬ್ಬರು ಇದೇ ಗೇಟಿನಲ್ಲಿ ನಿಂತು ಮಹಾರಾಣಿಯ ನರಳಾಟ ಕೇಳಿ ತಲೆ ಆಡಿಸಿ ಹೋದರು. ಬೋಲ್ಟಿನವರೆಗೆ ಬಂದು ಮುಟ್ಟಿದ್ದು, ಒಂದು ದಿನದ ದಾರಿ ಆಚೆಯಿಂದ, ಸುಳ್ಳು ಸಾಕ್ಷಿಯ ಮಾತು ದಾಟಿಕೊಂಡು, ನಿನ್ನ ಪ್ರಶ್ನೆಯೇ. ಇದನ್ನು ಅಲಂಕಾರಕ್ಕೆ ಬರೆದಿಲ್ಲ.

ಅಪ್ಪನ ಸಾಮಾನಿನಲ್ಲಿ ಏನು ಬೇಕು ಎಂದಿದ್ದೆ. ಏನೂ ಬೇಡ. ಎಲ್ಲ ಇದ್ದಲ್ಲೇ ಇರಲಿ, ಮೂವತ್ತರವರೆಗಾದರೂ.

ಲಾಂಡ್ರಿಯಲ್ಲಿ ನಾಲ್ಕು ದಿನ ರಜೆ ಕೇಳಿದ್ದೇನೆ. ಗೇಟಿನವನ ಭಾವಮೈದ ತನ್ನದೇ ಗಾಡಿಯಲ್ಲಿ ನನ್ನ ಬದಲು ಬಟ್ಟೆ ಸಾಗಿಸುತ್ತಾನೆ. ಈ ಕಾಗದ ಸಂಜೆಯ ಬಸ್ಸಿನಲ್ಲಿ ಹೋಗಿ ನನಗಿಂತ ಮೊದಲು ನಿನ್ನ ಕೈ ಸೇರುತ್ತದೆ, ಗಾಬರಿಯಾಗಬೇಡ. ಆ ಆರನೆಯ ಹೋಟೆಲಿನ ಗುಟ್ಟು ನನ್ನ ಬೆರಳಿಗೆ ಸಿಗುವಂಥದ್ದಲ್ಲ, ನಿನ್ನದಕ್ಕೇ ಸಿಗಬೇಕು.

ನಾಳೆ ಬೆಳಿಗ್ಗೆ ಐದೂವರೆಗೆ ಹೊರಡುತ್ತೇನೆ. ದಾರಿಯಲ್ಲಿ ಒಂದೊಂದು ತಾಸಿಗೂ ನಿಲ್ಲಿಸಿ, ಆರಿಸಿ, ಕಾದು, ಮತ್ತೆ ಹಚ್ಚಿ, ಎಷ್ಟು ತಿರುವಿಗೆ ಎದ್ದಳು ಎಂದು ಚೀಟಿಯಲ್ಲಿ ಬರೆದುಕೊಳ್ಳುತ್ತಾ ಬರುತ್ತೇನೆ. ಗ್ಯಾರೇಜಿನ ಮುಂದೆ ಹಾರ್ನು ಹೊಡೆಯುವುದಿಲ್ಲ, ಬಾಗಿಲಿನಿಂದ ಕೂಗುವುದಿಲ್ಲ. ಮೀಸೆ ಬೋಳಿಸಿಕೊಂಡಿರುತ್ತೇನೆ. ನಿನಗೆ ಕಾಣುವ ಕಡೆಯಿಂದ ಬಂದು, ಬಾನೆಟ್ ಎತ್ತಿ, ನೀನು ಕೈ ಇಟ್ಟು ನೋಡುವವರೆಗೆ ಸುಮ್ಮನೆ ನಿಂತಿರುತ್ತೇನೆ.

ಅಣ್ಣ